ಈಜುಕೊಳ ಶೋಧಕದ ಒತ್ತಡಮಾಪಕ

ಈಜುಕೊಳದ ನೀರನ್ನು ಸೋಸುವ ಫಿಲ್ಟರ್ ತೊಟ್ಟಿಯ ನೆತ್ತಿಯ ಮೇಲೋ ಅದರ ವಾಲ್ವಿನ ಪಕ್ಕದಲ್ಲೋ ಕೂರಿಸಿರುವ, ದುಂಡು ಮುಖದ ಸಣ್ಣ ಉಪಕರಣ. ತೊಟ್ಟಿಯೊಳಗಿನ ನೀರಿನ ಒತ್ತಡವನ್ನು ತೋರಿಸುವುದು ಇದರ ಕೆಲಸ. ಪಂಪ್ ರೂಮಿನಲ್ಲಿ ಕೆಲಸ ಮಾಡುವವರ ಬಾಯಲ್ಲಿ ಇದು ಪ್ರೆಷರ್ ಗೇಜ್, ಅಥವಾ ಬರೀ ಗೇಜ್. ಫಿಲ್ಟರು ಎಷ್ಟು ಕಟ್ಟಿಕೊಂಡಿದೆ, ಅದನ್ನು ಯಾವಾಗ ತೊಳೆಯಬೇಕು, ನೀರು ಸರಿಯಾಗಿ ಸುತ್ತುತ್ತಿದೆಯೇ ಎಂಬುದನ್ನು ತೊಟ್ಟಿ ಬಿಚ್ಚದೆ ತಿಳಿಯಲು ಬಹುಪಾಲು ಮನೆ ಮತ್ತು ಅಪಾರ್ಟ್‌ಮೆಂಟ್ ಕೊಳಗಳಲ್ಲಿ ಇರುವ ಸಾಧನ ಇದೊಂದೇ. ಇಡೀ ವ್ಯವಸ್ಥೆಯ ಅತಿ ಅಗ್ಗದ ಬಿಡಿಭಾಗಗಳಲ್ಲಿ ಇದು ಒಂದು. ಬಿಸಿಲು, ಅದುರು, ಕ್ಲೋರಿನ್ ಮೂರಕ್ಕೂ ಒಡ್ಡಿಕೊಂಡಿರುವುದರಿಂದ ಬೇಗ ಕೆಡುವುದೂ ಇದೇ. ಆದ್ದರಿಂದ ಮುಳ್ಳು ತೋರಿಸುವ ಅಂಕಿಯ ಅರ್ಥವೇನು ಎಂದು ಕೇಳುವ ಮೊದಲು ಆ ಅಂಕಿ ನಂಬಿಕೆಗೆ ಅರ್ಹವೇ ಎಂದು ನೋಡಿಕೊಳ್ಳಬೇಕು. ಫಿಲ್ಟರ್ ಕೆಟ್ಟಿದೆ ಎಂದು ಬರುವ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಕೆಟ್ಟ ಗೇಜು ಮಾತ್ರ.

ಅಳೆಯುವುದು ಏನನ್ನು

ಗೇಜು ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ತೊಟ್ಟಿಯೊಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ಪಂಪು ನಿಂತು ತೊಟ್ಟಿ ಗಾಳಿಗೆ ತೆರೆದುಕೊಂಡಾಗ ಮುಳ್ಳು ಸೊನ್ನೆಗೆ ಬರಬೇಕಾದದ್ದು ಇದೇ ಕಾರಣಕ್ಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಕಡಿಮೆ. ಆದರೂ ಎರಡೂ ಕಡೆ ಗೇಜಿನ ಸೊನ್ನೆ ಸೊನ್ನೆಯೇ.

ಮುಖದ ಮೇಲೆ ಸಾಮಾನ್ಯವಾಗಿ ಎರಡು ಸಾಲು ಅಂಕಿಗಳಿರುತ್ತವೆ. ಒಂದು ಪಿಎಸ್ಐ, ಅಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡುಗಳು. ಇನ್ನೊಂದು ಬಾರ್ ಅಥವಾ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ. ನಮ್ಮ ಫಿಟ್ಟರುಗಳು ‘ಒಂದು ಕೆಜಿ ಪ್ರೆಷರ್ ಇದೆ’ ಎನ್ನುವುದು ಈ ಕೊನೆಯದನ್ನು. 1 ಬಾರ್ ಎಂದರೆ 14.5 ಪಿಎಸ್ಐ, 1 ಕೆಜಿ ಎಂದರೆ 14.2 ಪಿಎಸ್ಐ. ಕೊಳದ ಕೆಲಸಕ್ಕೆ ಎರಡನ್ನೂ ಒಂದೇ ಎಂದುಕೊಂಡರೆ ತಪ್ಪಿಲ್ಲ. ನಿಂತ ನೀರಿನ ಒತ್ತಡವನ್ನೂ ಇಲ್ಲೇ ಹೇಳಿಬಿಡಬೇಕು, ಮುಂದೆ ಅದು ಮತ್ತೆ ಮತ್ತೆ ಬೇಕಾಗುತ್ತದೆ: ಒಂದು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ 1.42 ಪಿಎಸ್ಐ ಒತ್ತಡ ಹುಟ್ಟಿಸುತ್ತದೆ.

ಈ ಅಂಕಿಗಳನ್ನು ಚಿಕ್ಕವು ಎಂದು ಕಡೆಗಣಿಸುವಂತಿಲ್ಲ. 600 ಮಿಲಿಮೀಟರ್ ವ್ಯಾಸದ ಸಾಧಾರಣ ಮರಳು ತೊಟ್ಟಿಯ ಅಡ್ಡಕೊಯ್ತ 2,800 ಚದರ ಸೆಂಟಿಮೀಟರಿಗೂ ತುಸು ಹೆಚ್ಚು. ಒಳಗೆ 1 ಕೆಜಿ ಒತ್ತಡವಿದ್ದರೆ ತೊಟ್ಟಿಯ ಮೇಲರ್ಧವನ್ನು ಸುಮಾರು 2.8 ಟನ್ ಬಲ ಮೇಲಕ್ಕೆ ತಳ್ಳುತ್ತಿರುತ್ತದೆ. ಎರಡು ಹೋಳಾಗಿ ಬಿಚ್ಚಿಕೊಳ್ಳುವ ತೊಟ್ಟಿಗಳಲ್ಲಿ ಅಷ್ಟೂ ಬಲವನ್ನು ಹೊತ್ತು ನಿಲ್ಲುವುದು ಸುತ್ತಲಿನ ಲೋಹದ ಪಟ್ಟಿ.

ಗೇಜಿನ ಒಡಲು

ಹೆಚ್ಚಿನ ಗೇಜುಗಳ ಒಳಗೆ ಇರುವುದು ಬೂರ್ಡನ್ ನಳಿಕೆ. ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆತ ಉಗಿಯಂತ್ರಗಳನ್ನು ಕಟ್ಟುತ್ತಿದ್ದವನು. ಬಾಯ್ಲರ್‌ಗಳು ಸಿಡಿದು ಜನ ಸಾಯುತ್ತಿದ್ದ ಆ ಕಾಲದಲ್ಲಿ ಉದ್ದನೆಯ ಪಾದರಸದ ಕೊಳವೆಗಳಿಲ್ಲದೆ ಒತ್ತಡ ಅಳೆಯುವ ಗಟ್ಟಿಮುಟ್ಟಾದ ಸಾಧನಕ್ಕೆ ಬೇಡಿಕೆಯಿತ್ತು. ಈಜುಕೊಳದ ತೊಟ್ಟಿಯ ಮೇಲೆ ಇಂದು ಕೂತಿರುವುದು ಅದೇ ಯಂತ್ರ, ಅಗ್ಗವಾಗಿ ಮಾಡಿದ್ದು ಅಷ್ಟೆ.

ಚಪ್ಪಟೆ ಮಾಡಿದ ತೆಳ್ಳನೆಯ ಹಿತ್ತಾಳೆ ಅಥವಾ ಕಂಚಿನ ನಳಿಕೆಯನ್ನು ಮುಕ್ಕಾಲು ಸುತ್ತು ಬಾಗಿಸಿ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯನ್ನು ತೊಟ್ಟಿಯ ನೀರಿಗೆ ತೆರೆದಿಟ್ಟಿರುತ್ತಾರೆ. ನೀರು ಒಳನುಗ್ಗಿ ಒತ್ತಿದಾಗ ಚಪ್ಪಟೆ ನಳಿಕೆ ದುಂಡಾಗಲು ನೋಡುತ್ತದೆ, ಹಾಗೆ ನೋಡುತ್ತಲೇ ತನ್ನ ಬಾಗನ್ನು ಬಿಚ್ಚಿಕೊಳ್ಳುತ್ತದೆ. ಜಾತ್ರೆಯಲ್ಲಿ ಮಾರುವ, ಊದಿದರೆ ಸುರುಳಿ ಬಿಚ್ಚಿ ಮುಂದಕ್ಕೆ ಚಾಚುವ ಕಾಗದದ ಪೀಪಿಯಲ್ಲಿ ನಡೆಯುವುದು ಇದೇ. ಮುಚ್ಚಿದ ತುದಿ ಸರಿಯುವುದು ಕೆಲವೇ ಮಿಲಿಮೀಟರ್. ಆ ಅಲ್ಪ ಚಲನೆಯನ್ನು ಒಂದು ಕೊಂಡಿ ಹಲ್ಲುಗಾಲಿಯ ತುಂಡಿಗೆ ದಾಟಿಸುತ್ತದೆ, ಅದು ನಡುವಿನ ಪುಟ್ಟ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಮುಳ್ಳು ಅದರ ಅಚ್ಚಿಗೆ ಸಿಕ್ಕಿಸಿರುತ್ತದೆ. ಹಲ್ಲುಗಳ ನಡುವಿನ ಸಡಿಲನ್ನು ನೂಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಬಿಗಿಹಿಡಿದಿರುತ್ತದೆ.

ಈ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗೇಜು ಕೆಡುವ ಬಗೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನಳಿಕೆಯ ಬಾಯಿ ಕಿರಿದು, ಆದ್ದರಿಂದ ಕಸ ಕಟ್ಟಬಹುದು. ನಳಿಕೆ ಲೋಹದ್ದು, ಅಳತೆ ಮೀರಿ ಹಿಗ್ಗಿದರೆ ಮೊದಲಿನ ಆಕಾರಕ್ಕೆ ಮರಳದು. ಹಲ್ಲುಗಳು ಸೂಕ್ಷ್ಮ, ಪಂಪಿನ ಅದುರಿಗೆ ಸವೆಯುತ್ತವೆ. ಮುಳ್ಳು ಅಚ್ಚಿಗೆ ಬಿಗಿಯಾಗಿ ಕೂತಿರುವುದಷ್ಟೇ, ಏಟು ಬಿದ್ದರೆ ಜಾರುತ್ತದೆ.

ಫಿಲ್ಟರು ಮತ್ತು ತಡೆ

ಈಜುಕೊಳಗಳಲ್ಲಿ ಮೂರು ಬಗೆಯ ಫಿಲ್ಟರುಗಳಿವೆ. ಭಾರತದಲ್ಲಿ ಎಲ್ಲೆಲ್ಲೂ ಕಾಣುವುದು ಮರಳಿನದು: ಅರ್ಧ ಮಿಲಿಮೀಟರ್ ಆಸುಪಾಸಿನ ಸಿಲಿಕಾ ಮರಳನ್ನು ಫೈಬರ್ ತೊಟ್ಟಿಯಲ್ಲಿ ತುಂಬಿ ನೀರನ್ನು ಮೇಲಿನಿಂದ ಕೆಳಕ್ಕೆ ಹಾಯಿಸುತ್ತಾರೆ. ಮಡಿಕೆ ಮಡಿಕೆಯಾದ ಬಟ್ಟೆಯ ಕಾರ್ಟ್ರಿಜ್ ಫಿಲ್ಟರ್ ಎರಡನೆಯದು. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿಯನ್ನು ಜಾಲರಿಗೆ ಬಳಿದು ಸೋಸುವ ಡಿಇ ಫಿಲ್ಟರ್ ಮೂರನೆಯದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಇದು ನಮ್ಮಲ್ಲಿ ಅಪರೂಪ. ಗೇಜಿನ ಓದು ಮೂರರಲ್ಲೂ ಒಂದೇ ತತ್ತ್ವದ್ದು.

ಆ ತತ್ತ್ವವನ್ನು ಮರಳಿನ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡವನು ಫ್ರಾನ್ಸಿನ ದಿಜೋನ್ ನಗರಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ. 1856ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆತ ತೋರಿಸಿದ್ದು ಇದು: ಮರಳಿನ ಪದರದ ಮೂಲಕ ಹರಿಯುವ ನೀರಿನ ಪ್ರಮಾಣ ಮೇಲಿನ ಮತ್ತು ಕೆಳಗಿನ ಒತ್ತಡಗಳ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿರುತ್ತದೆ, ಪದರದ ದಪ್ಪಕ್ಕೆ ವಿಲೋಮವಾಗಿರುತ್ತದೆ. ಮರಳಿನ ಸಂದುಗಳಲ್ಲಿ ಕೊಳೆ ತುಂಬಿದಂತೆ ದಾರಿ ಕಿರಿದಾಗುತ್ತದೆ. ಅಷ್ಟೇ ನೀರು ಹರಿಸಲು ಹೆಚ್ಚು ಒತ್ತಡ ಬೇಕಾಗುತ್ತದೆ. ನೀರಿನ ಸ್ನಿಗ್ಧತೆಯೂ ಲೆಕ್ಕಕ್ಕೆ ಬರುತ್ತದೆ. 10 ಡಿಗ್ರಿ ಸೆಲ್ಸಿಯಸ್ ನೀರಿನ ಸ್ನಿಗ್ಧತೆ 30 ಡಿಗ್ರಿಯ ನೀರಿನದರ ಒಂದೂವರೆ ಪಟ್ಟಿಗೂ ಹೆಚ್ಚು. ಹೀಗಾಗಿ ಉತ್ತರ ಭಾರತದ ಚಳಿಗಾಲದಲ್ಲಿ ಶುದ್ಧ ಮರಳೇ ಸ್ವಲ್ಪ ಹೆಚ್ಚು ಒತ್ತಡ ತೋರಿಸೀತು.

ಇಲ್ಲೊಂದು ಸೂಕ್ಷ್ಮವಿದೆ. ಗೇಜು ಇರುವುದು ನೀರು ತೊಟ್ಟಿಯನ್ನು ಹೊಗುವ ಬದಿಯಲ್ಲಿ. ಅದು ಅಳೆಯುವುದು ಮರಳಿನ ತಡೆಯನ್ನಷ್ಟೇ ಅಲ್ಲ. ಅಲ್ಲಿಂದ ಮುಂದೆ ವಾಲ್ವು, ಕೊಳವೆ, ತಿರುವುಗಳು, ಕೊಳದ ಗೋಡೆಯಲ್ಲಿರುವ ಬಾಯಿಗಳು ಎಲ್ಲವೂ ಸೇರಿ ಒಡ್ಡುವ ತಡೆಯನ್ನು. ಮರಳು ಹೊಸದಾಗಿ ತೊಳೆದದ್ದಾಗಿದ್ದರೆ ಆ ಮೊತ್ತದಲ್ಲಿ ಅದರ ಪಾಲು ಚಿಕ್ಕದು. ಉದ್ದನೆಯ ಸಣ್ಣ ಕೊಳವೆಗಳಿರುವ ಕೊಳದಲ್ಲಿ ಶುದ್ಧ ಫಿಲ್ಟರೇ 20 ಪಿಎಸ್ಐ ತೋರಿಸಬಹುದು. ದಪ್ಪ ಕೊಳವೆಯ, ಹತ್ತಿರದ ಪಂಪ್ ರೂಮಿನ ಕೊಳದಲ್ಲಿ 8 ಇರಬಹುದು. ‘ನಮ್ಮದು 18 ತೋರಿಸುತ್ತಿದೆ, ಸರಿಯೇ?’ ಎಂಬ ಪ್ರಶ್ನೆಗೆ ಆದ್ದರಿಂದಲೇ ಉತ್ತರವಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಅಂಕಿ ನಮ್ಮ ಫಿಲ್ಟರಿನ ಬಗ್ಗೆ ಏನನ್ನೂ ಹೇಳದು.

ಅರ್ಥವಿರುವುದು ವ್ಯತ್ಯಾಸಕ್ಕೆ. ಮರಳನ್ನು ಚೆನ್ನಾಗಿ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆದು, ಕಸ ಹಿಡಿಯುವ ಬುಟ್ಟಿಗಳನ್ನೆಲ್ಲ ಖಾಲಿ ಮಾಡಿ, ವಾಲ್ವುಗಳನ್ನು ಎಂದಿನ ಸ್ಥಿತಿಯಲ್ಲಿಟ್ಟು ಪಂಪು ಓಡಿಸಿದಾಗ ಬರುವ ಅಂಕಿಯೇ ಆ ಕೊಳದ ಶುದ್ಧ ಒತ್ತಡ. ಅದನ್ನು ಪರ್ಮನೆಂಟ್ ಮಾರ್ಕರಿನಲ್ಲಿ ತೊಟ್ಟಿಯ ಮೈಮೇಲೆಯೇ, ತಾರೀಖಿನ ಸಮೇತ ಬರೆದಿಡುವುದು ಒಳ್ಳೆಯ ರೂಢಿ. ನೋಟ್‌ಬುಕ್ಕು ಕಳೆದುಹೋಗುತ್ತದೆ, ಮೇಂಟೆನೆನ್ಸ್ ಗುತ್ತಿಗೆದಾರ ಬದಲಾಗುತ್ತಾನೆ, ತೊಟ್ಟಿ ಅಲ್ಲೇ ಇರುತ್ತದೆ. ಶುದ್ಧ ಒತ್ತಡಕ್ಕಿಂತ 8ರಿಂದ 10 ಪಿಎಸ್ಐ ಏರಿದಾಗ ಮರಳನ್ನು ತೊಳೆಯಬೇಕೆಂಬುದು ಹೆಚ್ಚಿನ ತಯಾರಕರು ಕೊಡುವ ಸೂಚನೆ. ಶುದ್ಧ ಒತ್ತಡವೇ ತೀರ ಕಡಿಮೆಯಿರುವ ಕಡೆ ಅದರ ಕಾಲುಭಾಗ ಏರಿದರೆ ಸಾಕು ಎಂಬ ಲೆಕ್ಕವೂ ಬಳಕೆಯಲ್ಲಿದೆ.

ತೊಳೆಯುವ ಅವಸರವೂ ಒಳ್ಳೆಯದಲ್ಲ. ಸ್ವಲ್ಪ ಕೊಳೆ ಕಟ್ಟಿದ ಮರಳು ಹೊಸ ಮರಳಿಗಿಂತ ಸಣ್ಣ ಕಣಗಳನ್ನು ಹಿಡಿಯುತ್ತದೆ. ಸಿಕ್ಕಿಕೊಂಡ ಕೊಳೆಯೇ ಸಂದುಗಳನ್ನು ಕಿರಿದುಮಾಡಿ ಜಾಲರಿಯ ಕೆಲಸ ಮಾಡುತ್ತದೆ. ವಾರಕ್ಕೆರಡು ಸಲ ಎಂದು ದಿನ ಗೊತ್ತುಮಾಡಿಕೊಂಡು ಬ್ಯಾಕ್‌ವಾಶ್ ಮಾಡುವ ಕಡೆ ನೀರು ಸದಾ ತುಸು ಮಬ್ಬಾಗಿಯೇ ಉಳಿಯಲು ಇದೊಂದು ಕಾರಣ.

ಏರಿಕೆ, ಇಳಿಕೆ, ನಡುಕ

ಒತ್ತಡ ಹೆಚ್ಚಿದ್ದರೆ ಪಂಪು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ತಿಳಿವಳಿಕೆ ಬಹಳ ಕಡೆ ಇದೆ. ನಿಜ ಇದಕ್ಕೆ ತೀರ ವಿರುದ್ಧ. ಈಜುಕೊಳದ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಮುಂದಿನ ದಾರಿ ಮುಚ್ಚಿದಷ್ಟೂ ಒತ್ತಡ ಏರುತ್ತದೆ, ಹರಿವು ಇಳಿಯುತ್ತದೆ. ದಾರಿ ಪೂರ್ತಿ ಮುಚ್ಚಿದಾಗ ಒತ್ತಡ ಗರಿಷ್ಠ, ಹರಿವು ಸೊನ್ನೆ. ಗೇಜಿನ ಮುಳ್ಳು ಮೇಲೆ ಹತ್ತಿದಾಗ ಕೊಳಕ್ಕೆ ಮರಳುವ ನೀರು ಸೊರಗಿರುತ್ತದೆ.

ದೋಷ ಎಲ್ಲಿದೆ ಎಂದು ಹುಡುಕಲು ಗೇಜನ್ನೇ ಗಡಿಯಾಗಿಟ್ಟುಕೊಳ್ಳಬೇಕು. ಗೇಜಿನಿಂದ ಮುಂದೆ, ಅಂದರೆ ಮರಳಿನಲ್ಲಿ, ಹಿಂತಿರುಗುವ ಕೊಳವೆಯಲ್ಲಿ, ಅರ್ಧ ಮುಚ್ಚಿದ ವಾಲ್ವಿನಲ್ಲಿ, ಹೀಟರಿನಲ್ಲಿ ತಡೆ ಇದ್ದರೆ ಅಂಕಿ ಏರುತ್ತದೆ. ಗೇಜಿಗಿಂತ ಹಿಂದೆ, ಅಂದರೆ ಕೊಳದ ಮೇಲ್ನೀರನ್ನು ಎಳೆದುಕೊಳ್ಳುವ ಸ್ಕಿಮ್ಮರಿನ ಎಲೆ ತುಂಬಿದ ಬುಟ್ಟಿಯಲ್ಲಿ, ಪಂಪಿನ ಬುಟ್ಟಿಯಲ್ಲಿ, ಕೂದಲು ಸುತ್ತಿಕೊಂಡ ಇಂಪೆಲರಿನಲ್ಲಿ (ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರ) ತಡೆ ಇದ್ದರೆ ಇಳಿಯುತ್ತದೆ. ಕೊಳದ ನೀರು ಸ್ಕಿಮ್ಮರಿನ ಬಾಯಿಗಿಂತ ಕೆಳಗಿಳಿದು ಪಂಪು ಗಾಳಿ ಎಳೆದರೂ ಅಂಕಿ ಇಳಿಯುತ್ತದೆ. ನೀರು ಕಡಿಮೆ ಬರುತ್ತಿದೆ, ಒತ್ತಡವೂ ಕಡಿಮೆ ಎಂದಾದರೆ ಫಿಲ್ಟರನ್ನು ಮುಟ್ಟಬೇಕಿಲ್ಲ. ಪಂಪಿನಲ್ಲಿ, ಅದರ ಹಿಂದೆ ಹುಡುಕಬೇಕು.

ಮುಳ್ಳು ಒಂದೇ ಸಮನೆ ಹಿಂದೆ ಮುಂದೆ ಹೊಯ್ದಾಡುತ್ತಿದ್ದರೆ ಸಾಮಾನ್ಯವಾಗಿ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿದೆ ಎಂದರ್ಥ. ಪಂಪಿನ ಮುಚ್ಚಳದ ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿರುತ್ತದೆ, ಅಥವಾ ಹೀರುವ ಕೊಳವೆಯ ಒಂದು ಜೋಡಣೆ ಸಡಿಲವಾಗಿರುತ್ತದೆ. ಪಾರದರ್ಶಕ ಮುಚ್ಚಳದಡಿ ಗುಳ್ಳೆಗಳು ಕುಣಿಯುತ್ತಿದ್ದರೆ ಸಂಶಯವೇ ಬೇಡ. ಗುಳ್ಳೆಯೂ ಇಲ್ಲ, ಸದ್ದೂ ಸಮವಾಗಿದೆ, ಮುಳ್ಳು ಮಾತ್ರ ನಡುಗುತ್ತಿದೆ ಎಂದರೆ ಗೇಜಿನ ಹಲ್ಲು ಸವೆದಿದೆ.

ಅತ್ಯಂತ ಮೋಸದ ಸ್ಥಿತಿ ಇನ್ನೊಂದಿದೆ: ಗೇಜು ಸರಿಯಾಗಿದೆ, ಒತ್ತಡ ಏರುತ್ತಲೇ ಇಲ್ಲ, ನೀರು ಮಾತ್ರ ಮಬ್ಬು. ಇದು ಮರಳಿನೊಳಗೆ ಬಿಲ ಬಿದ್ದ ಲಕ್ಷಣ. ಸುಣ್ಣದಂಶ ಹೆಚ್ಚಿರುವ ಬೋರ್‌ವೆಲ್ ನೀರನ್ನು ತುಂಬಿಸುವ ಕೊಳಗಳಲ್ಲಿ ಮರಳು ನಿಧಾನವಾಗಿ ಗಟ್ಟಿ ಹೆಂಟೆಗಳಾಗುತ್ತದೆ. ನೀರು ಹೆಂಟೆಗಳ ನಡುವಿನ ಸುಲಭದ ದಾರಿಯಲ್ಲಿ ಸೋಸದೆ ನುಸುಳುತ್ತದೆ. ಬೆಂಗಳೂರಿನ ಹೊರವಲಯದ, ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿದ ವಸತಿ ಸಮುಚ್ಚಯಗಳ ಕೊಳಗಳಿಗೆ ಈ ತೊಂದರೆ ಹೊಸದಲ್ಲ. ಇಲ್ಲಿ ಮುಳ್ಳು ಸುಳ್ಳಾಡುತ್ತಿಲ್ಲ, ತಡೆ ನಿಜವಾಗಿಯೂ ಇಲ್ಲ, ಸೋಸುವಿಕೆಯೂ ಇಲ್ಲ. ತೊಟ್ಟಿ ತೆಗೆದು ಮರಳಿಗೆ ಕೈಹಾಕಿ ನೋಡದೆ ಇದು ಗೊತ್ತಾಗುವುದಿಲ್ಲ. ಡಿಇ ಜಾಲರಿ ಹರಿದಾಗ, ಕಾರ್ಟ್ರಿಜ್ ಬಟ್ಟೆ ಸೀಳಿದಾಗಲೂ ಹೀಗೇ, ಏರಿದ್ದ ಒತ್ತಡ ಥಟ್ಟನೆ ಬಿದ್ದುಹೋಗುತ್ತದೆ.

ಕೆಟ್ಟ ಗೇಜನ್ನು ಗುರುತಿಸುವುದು

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಪಂಪು ನಿಲ್ಲಿಸಿ, ತೊಟ್ಟಿಯ ನೆತ್ತಿಯಲ್ಲಿರುವ ಗಾಳಿ ಬಿಡುವ ತಿರುಪನ್ನು ಸಡಿಲಿಸಬೇಕು. ಮುಳ್ಳು ಸೊನ್ನೆಗೆ ಬಂದು ನಿಲ್ಲಬೇಕು. 4ರಲ್ಲೋ 10ರಲ್ಲೋ ನಿಂತರೆ ಗೇಜಿನ ಮುಖವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಬಹುದು. ಆಗ ಜಿಗಿದು ಕೆಳಗಿಳಿದರೆ ಹಲ್ಲುಗಾಲಿ ಹಿಡಿದುಕೊಂಡಿದೆ ಎಂದರ್ಥ. ಇಂದು ತಟ್ಟಿದರೆ ಇಳಿದ ಮುಳ್ಳು ನಾಳೆ ತಟ್ಟಿದರೂ ಇಳಿಯದು. ಅಂಥದ್ದನ್ನು ಬದಲಿಸುವುದೇ ಸರಿ.

ಸೊನ್ನೆಗೆ ಬಾರದ ಎಲ್ಲ ಗೇಜೂ ಕೆಟ್ಟದ್ದಲ್ಲ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕೊಳ ನೆಲಮಟ್ಟದಲ್ಲೋ ಪೋಡಿಯಂ ಮೇಲೋ ಇದ್ದು, ಪಂಪ್ ರೂಮು ಅದರ ಕೆಳಗೆ ಬೇಸ್‌ಮೆಂಟಿನಲ್ಲಿರುವುದು ಸಾಮಾನ್ಯ. ಗೇಜು ಕೊಳದ ನೀರಿನ ಮಟ್ಟಕ್ಕಿಂತ ಎರಡೂವರೆ ಮೀಟರ್ ಕೆಳಗಿದ್ದರೆ ಪಂಪು ನಿಂತಾಗಲೂ ಅದು ಸುಮಾರು 3.5 ಪಿಎಸ್ಐ ತೋರಿಸಬೇಕು, ಏಕೆಂದರೆ ಅಷ್ಟು ನೀರು ಅದರ ತಲೆಯ ಮೇಲೆ ನಿಂತಿರುತ್ತದೆ. ಇಂಥ ಕಡೆ ಗಾಳಿಯ ತಿರುಪನ್ನು ಸಡಿಲಿಸಿದರೆ ಗಾಳಿಯ ಬದಲು ನೀರೇ ಚಿಮ್ಮುತ್ತದೆ, ಕೊಳವೇ ಖಾಲಿಯಾದರೂ ಆಗಬಹುದು. ಎರಡೂ ಬದಿಯ ವಾಲ್ವುಗಳನ್ನು ಮುಚ್ಚಿದ ಮೇಲೆಯೇ ಅದನ್ನು ಮುಟ್ಟಬೇಕು. ನೀರು ಪಕ್ಕಕ್ಕೆ ತುಳುಕಿ ಬ್ಯಾಲೆನ್ಸಿಂಗ್ ಟ್ಯಾಂಕಿಗೆ ಬೀಳುವ ಓವರ್‌ಫ್ಲೋ ಕೊಳಗಳಲ್ಲಿ, ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವು ಮೇಲಿನ ನೀರನ್ನು ಹಿಡಿದಿಟ್ಟುಕೊಂಡಾಗ ಇಂಥದೇ ಅಂಕಿ ಕಾಣುತ್ತದೆ. ಲೆಕ್ಕಕ್ಕೆ ಹೊಂದಿದರೆ ಗೇಜು ನಿಜವನ್ನೇ ಹೇಳುತ್ತಿದೆ. ಅದೇ ಕಡೆ ಪಂಪು ನಿಂತಾಗ ಸೊನ್ನೆ ತೋರಿಸುವ ಗೇಜಿನ ಮೇಲೆಯೇ ಅನುಮಾನ ಪಡಬೇಕು.

ಎರಡನೆಯ ಪರೀಕ್ಷೆ ಕಾಗದದ ಮೇಲಿನದು. ಸಾಮಾನ್ಯವಾಗಿ ಪಂಪಿನ ಫಲಕದ ಮೇಲೆ ಅದು ನೀರನ್ನು ಎತ್ತಬಲ್ಲ ಗರಿಷ್ಠ ಎತ್ತರ ಮೀಟರುಗಳಲ್ಲಿ ಅಚ್ಚಾಗಿರುತ್ತದೆ. 16 ಮೀಟರ್ ಎಂದಿದ್ದರೆ ಆ ಪಂಪು ಹುಟ್ಟಿಸಬಲ್ಲ ಒತ್ತಡ ಹೆಚ್ಚೆಂದರೆ ಸುಮಾರು 23 ಪಿಎಸ್ಐ. ಕೊಳ ಮೇಲಿದ್ದರೆ ಆ ಎತ್ತರದ್ದನ್ನು ಕೂಡಿಸಿಕೊಳ್ಳಬಹುದು, ಅಷ್ಟೆ. ಅಂಥ ಪಂಪಿನ ಮುಂದೆ ಗೇಜು 35 ತೋರಿಸುತ್ತಿದ್ದರೆ ಫಿಲ್ಟರ್ ತೊಳೆಯುವ ಮಾತೇ ಇಲ್ಲ. ಆ ಅಂಕಿ ಇರಲು ಸಾಧ್ಯವೇ ಇಲ್ಲದ್ದು. ಇಷ್ಟು ಸರಳವಾದ ಲೆಕ್ಕವನ್ನು ಮಾಡದೆ ಮರಳು ಬದಲಿಸಲು ಹಣ ಕೊಟ್ಟವರಿದ್ದಾರೆ ಎಂಬುದು ಬೇಸರದ ಸಂಗತಿ.

ಪಂಪು ಓಡುವಾಗಲೂ ನಿಂತಾಗಲೂ ಮುಳ್ಳು ಒಂದೇ ಕಡೆ ಇದ್ದರೆ ಕಾರಣ ಹೆಚ್ಚಾಗಿ ನಳಿಕೆಯ ಬಾಯಲ್ಲಿರುತ್ತದೆ. ಗೇಜನ್ನು ಬಿಚ್ಚಿ ಬುಡವನ್ನು ಬೆಳಕಿಗೆ ಹಿಡಿದರೆ ಪೆನ್ಸಿಲ್ ಮೊನೆಯಷ್ಟು ಸಣ್ಣ ರಂಧ್ರ ಕಾಣುತ್ತದೆ. ಅದರಲ್ಲಿ ಮರಳಿನ ಕಣ, ಸುಣ್ಣದ ಹಕ್ಕಳೆ, ಹಿಂದೆ ಸುತ್ತಿದ್ದ ಟೆಫ್ಲಾನ್ ಟೇಪಿನ ಚೂರು ಯಾವುದೂ ಇರಬಹುದು. ಕಸವನ್ನು ಒಳಕ್ಕೆ ತಳ್ಳದೆ, ತೆಳ್ಳನೆಯ ತಂತಿಯಿಂದ ಅಂಚಿನಲ್ಲೇ ಕೆದಕಿ ತೆಗೆಯಬೇಕು. ತೊಟ್ಟಿಯ ಕಡೆಯ ರಂಧ್ರವನ್ನೂ ನೋಡಬೇಕು. ಅರ್ಧ ಕಟ್ಟಿದ ಬಾಯಿಯ ಗೇಜು ಪಂಪು ಹಾಕಿದಾಗ ತೂಕಡಿಸುತ್ತ ಮೇಲೇರುತ್ತದೆ, ನಿಲ್ಲಿಸಿದಾಗ ನಿಧಾನಕ್ಕೆ ಇಳಿಯುತ್ತದೆ. ಈ ಆಲಸ್ಯವೇ ಅದರ ಗುರುತು.

ಸೊನ್ನೆಗೆ ಸರಿಯಾಗಿ ಬಂದ ಮಾತ್ರಕ್ಕೆ ಮೇಲಿನ ಅಂಕಿಗಳೆಲ್ಲ ಸರಿ ಎನ್ನುವಂತಿಲ್ಲ. ದಣಿದ ನಳಿಕೆ ಸೊನ್ನೆಯಲ್ಲಿ ಪ್ರಾಮಾಣಿಕವಾಗಿದ್ದು 20ರಲ್ಲಿ ತಪ್ಪಬಹುದು. ಖಚಿತಪಡಿಸಿಕೊಳ್ಳುವ ದಾರಿ ಹೊಸ ಗೇಜೊಂದನ್ನು ಅದೇ ಜಾಗದಲ್ಲಿ ಕೂರಿಸಿ ಹೋಲಿಸುವುದು. ಪಂಪ್ ರೂಮಿನಲ್ಲಿ ಬಿಡಿ ಗೇಜೊಂದನ್ನು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿರುವವರು ಅರ್ಧ ಸಮಸ್ಯೆಗಳನ್ನು ಅಲ್ಲೇ ಬಗೆಹರಿಸುತ್ತಾರೆ.

ಕೆಡುವ ಕಾರಣಗಳಲ್ಲಿ ನಮ್ಮ ಪಂಪ್ ರೂಮುಗಳ ಒಂದು ಕೆಟ್ಟ ರೂಢಿಯನ್ನು ಹೇಳಲೇಬೇಕು. ಕ್ಲೋರಿನ್ ಪುಡಿ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನುಗಳನ್ನು ಫಿಲ್ಟರಿನ ಪಕ್ಕದಲ್ಲೇ, ಗಾಳಿಯಾಡದ ಕೋಣೆಯಲ್ಲಿ ಇಟ್ಟಿರುತ್ತಾರೆ. ಎರಡೂ ಬೆರೆತರೆ ವಿಷಾನಿಲ ಹುಟ್ಟುತ್ತದೆ ಎಂಬ ದೊಡ್ಡ ಅಪಾಯ ಒಂದೆಡೆಯಾದರೆ, ಬೆರೆಯದಿದ್ದರೂ ಆಸಿಡ್ಡಿನ ಆವಿ ಗೇಜಿನ ಹಿತ್ತಾಳೆ, ಸ್ಪ್ರಿಂಗು, ಹಲ್ಲುಗಳನ್ನು ದಿನವೂ ತಿನ್ನುತ್ತಿರುತ್ತದೆ. ಹಸಿರುಗಟ್ಟಿದ ಬುಡ, ತುಕ್ಕು ಹಿಡಿದ ಕವಚ ಕಂಡರೆ ಒಳಗಿನದೂ ಹಾಗೇ ಇರುತ್ತದೆ. ಗಾಜಿನ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ನಳಿಕೆ ಸೋರುತ್ತಿದೆ ಅಥವಾ ಮಳೆನೀರು ಹೊಕ್ಕಿದೆ.

ಆಯ್ಕೆ ಮತ್ತು ಜೋಡಣೆ

ಗೇಜಿನ ನಿಖರತೆಯನ್ನು ಅದು ಅಳೆಯಬಲ್ಲ ಪೂರ್ಣಮಾನದ ಶೇಕಡಾವಾರಿನಲ್ಲಿ ಹೇಳುತ್ತಾರೆ, ಆ ಕ್ಷಣದ ಅಂಕಿಯದರಲ್ಲಲ್ಲ. ಸಾಧಾರಣ ದರ್ಜೆಯ ಗೇಜಿಗೆ ಅಳತೆಪಟ್ಟಿಯ ನಡುಭಾಗದಲ್ಲಿ ಶೇ. 2, ತುದಿಗಳ ಕಡೆ ಶೇ. 3 ತಪ್ಪಲು ಅವಕಾಶವಿರುತ್ತದೆ. 0–60 ಪಿಎಸ್ಐ ಗೇಜು 10 ತೋರಿಸುವಾಗ ನಿಜವಾದ ಒತ್ತಡ 8.2ರಿಂದ 11.8ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದೇ ಕೆಲಸಕ್ಕೆ 0–30ರ ಗೇಜು ಹಾಕಿದರೆ ಅನಿಶ್ಚಿತತೆ ಒಂದು ಪಿಎಸ್ಐ ಒಳಗೆ ಇಳಿಯುತ್ತದೆ. ಹೀಗಾಗಿ ದೊಡ್ಡ ಅಳತೆಯದು ಒಳ್ಳೆಯದೆಂದು 0–10 ಕೆಜಿ ಗೇಜು ತಂದು ಹಾಕುವುದರಿಂದ ಕೊಳಕ್ಕೆ ಉಪಯೋಗವಿಲ್ಲ. ಅದರಲ್ಲಿ ಮುಳ್ಳು ಮೊದಲ ಒಂದೆರಡು ಗೆರೆ ದಾಟುವುದೇ ಇಲ್ಲ. ಎಂದಿನ ಒತ್ತಡ ಅಳತೆಪಟ್ಟಿಯ ನಡುಭಾಗಕ್ಕೆ ಬರುವಂಥದ್ದನ್ನು, ಪಂಪಿನ ಗರಿಷ್ಠ ಒತ್ತಡವೂ ಪಟ್ಟಿಯೊಳಗೇ ಇರುವಂತೆ ಆರಿಸಬೇಕು. ಭಾರತದಲ್ಲಿ ಬೂರ್ಡನ್ ಗೇಜುಗಳ ಮಾನಕ ಐಎಸ್ 3624.

ಪಂಪಿನ ಅದುರು ಹೆಚ್ಚಿರುವ ಕಡೆ ಗ್ಲಿಸರಿನ್ ತುಂಬಿದ ಗೇಜು ತಾಳಿಕೊಳ್ಳುತ್ತದೆ. ಮುಳ್ಳು ನಡುಗುವುದಿಲ್ಲ, ಹಲ್ಲು ಬೇಗ ಸವೆಯುವುದಿಲ್ಲ. ಅದರ ನೆತ್ತಿಯಲ್ಲಿರುವ ಸಣ್ಣ ರಬ್ಬರ್ ಬಿರಡೆಯನ್ನು ತಯಾರಕರು ಹೇಳಿದಂತೆ ತೆರೆದಿಡುವುದನ್ನು ಮರೆಯಬಾರದು. ಮುಚ್ಚಿದ್ದರೆ ಬಿಸಿಲಿಗೆ ಒಳಗಿನ ದ್ರವ ಮತ್ತು ಗಾಳಿ ಹಿಗ್ಗಿ ನಳಿಕೆಯನ್ನು ಹೊರಗಿನಿಂದ ಒತ್ತುತ್ತವೆ; ಗೇಜು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಉಪ್ಪುನೀರಿನ ಕೊಳಗಳಿಗೆ ಹಿತ್ತಾಳೆಗಿಂತ ಸ್ಟೇನ್‌ಲೆಸ್ ಸ್ಟೀಲಿನದು ಬಾಳಿಕೆಯದು.

ಕೊಳದ ಗೇಜುಗಳ ಮರೆ ಸಾಮಾನ್ಯವಾಗಿ ಕಾಲು ಇಂಚಿನದು, ಕೆಳಗಿನಿಂದ ಅಥವಾ ಬೆನ್ನಿನಿಂದ ಜೋಡಿಸುವಂಥದ್ದು. ಅಂಗಡಿಗೆ ಹಳೆಯದನ್ನು ಒಯ್ದರೆ ಎಡವಟ್ಟಾಗದು. ಮರೆಗೆ ಟೆಫ್ಲಾನ್ ಟೇಪನ್ನು ಎರಡು ಮೂರು ಸುತ್ತು, ಮೊದಲ ಎಳೆಯನ್ನು ಬಿಟ್ಟು ಸುತ್ತಬೇಕು. ಆಗ ಟೇಪಿನ ಚೂರು ರಂಧ್ರಕ್ಕೆ ಹೋಗುವುದಿಲ್ಲ. ದುಂಡು ಮುಖವನ್ನು ಹಿಡಿದು ತಿರುಗಿಸಿದರೆ ಒಳಗಿನ ನಳಿಕೆ ತಿರುಚಿಕೊಳ್ಳುತ್ತದೆ. ಬುಡದ ಚಪ್ಪಟೆ ಜಾಗಕ್ಕೆ ಸ್ಪ್ಯಾನರ್ ಹಾಕಬೇಕು. ವಾಲ್ವಿನ ಮೈ ಪ್ಲಾಸ್ಟಿಕ್ಕಿನದು, ಅತಿ ಬಿಗಿದರೆ ಸೀಳುತ್ತದೆ, ಆಗ ಗೇಜಿನ ಬೆಲೆಗೆ ಮುಗಿಯುತ್ತಿದ್ದ ಕೆಲಸ ವಾಲ್ವಿನ ಬೆಲೆಗೆ ಏರುತ್ತದೆ. ಹೊಸ ಗೇಜು ಹಾಕಿದ ದಿನ ಶುದ್ಧ ಒತ್ತಡವನ್ನೂ ಹೊಸದಾಗಿ ಬರೆಯಬೇಕು. ಹಳೆಯ ಗೇಜಿನಲ್ಲಿ ಓದಿದ ಅಂಕಿಗೂ ಹೊಸದರ ಅಂಕಿಗೂ ಹೋಲಿಕೆ ನಡೆಯದು.

ವೇಗ ಬದಲಿಸುವ ಪಂಪು

ವೇಗ ಏರಿಳಿಸಬಹುದಾದ ಪಂಪುಗಳು ಬಂದ ಮೇಲೆ ಗೇಜಿನ ಓದಿಗೆ ಹೊಸ ತೊಡಕು ಸೇರಿದೆ. ಇಂಪೆಲರಿನ ವೇಗ ಅರ್ಧವಾದರೆ ಹರಿವು ಅರ್ಧವಾಗುತ್ತದೆ, ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದಕ್ಕೆ. ವಿದ್ಯುತ್ ಉಳಿತಾಯದ ಗುಟ್ಟು ಇದೇ. ಪೂರ್ಣ ವೇಗದಲ್ಲಿ 16 ತೋರಿಸುತ್ತಿದ್ದ ಗೇಜು ಅರ್ಧ ವೇಗದಲ್ಲಿ 4ರ ಹತ್ತಿರ ನಿಲ್ಲುತ್ತದೆ. ಮರಳು ಕಟ್ಟಿಕೊಂಡಾಗ ಆಗಬೇಕಾದ 8 ಪಿಎಸ್ಐ ಏರಿಕೆ ಕೇವಲ 2ಕ್ಕೆ ಕುಗ್ಗಿ ಗೇಜಿನ ಸಹಜ ತಪ್ಪಿನೊಳಗೇ ಅಡಗಿಹೋಗುತ್ತದೆ. ಹೊಸ ಪಂಪು ಹಾಕಿಸಿಕೊಂಡು ‘ಈಗ ಫಿಲ್ಟರ್ ಕಟ್ಟುವುದೇ ಇಲ್ಲ’ ಎಂದು ಸಂತೋಷಪಡುವವರ ಕೊಳದಲ್ಲಿ ಆಗಿರುವುದು ಇದು. ಯಾವುದಾದರೂ ಒಂದು ವೇಗವನ್ನು, ಹೆಚ್ಚಿನದನ್ನೇ, ಗೊತ್ತುಮಾಡಿಕೊಂಡು ಓದುವಾಗಲೆಲ್ಲ ಪಂಪನ್ನು ಅದೇ ವೇಗಕ್ಕೆ ತರಬೇಕು.

ತಪ್ಪು ಅಂಕಿಯ ಬೆಲೆ

ಇಲ್ಲದ ಒತ್ತಡ ತೋರಿಸುವ ಗೇಜು ನೀರನ್ನು ಚರಂಡಿಗೆ ಹರಿಸುತ್ತದೆ. 600 ಮಿಲಿಮೀಟರ್ ತೊಟ್ಟಿಯ ಬ್ಯಾಕ್‌ವಾಶ್‌ಗೆ ನಿಮಿಷಕ್ಕೆ ಸುಮಾರು 190 ಲೀಟರ್ ನೀರು ಬೇಕು. ಮೂರು ನಿಮಿಷ ತೊಳೆದು ಅರ್ಧ ನಿಮಿಷ ರಿನ್ಸ್ ಮಾಡಿದರೆ 650 ಲೀಟರಿಗೂ ಹೆಚ್ಚು ಹೋಗುತ್ತದೆ. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕದಲ್ಲಿ ಅದು ಐದು ಜನರ ಒಂದು ದಿನದ ನೀರು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಊರಿನಲ್ಲಿ ಅನಗತ್ಯವಾದ ಒಂದೊಂದು ಬ್ಯಾಕ್‌ವಾಶ್ ಕೂಡ ಲೆಕ್ಕಕ್ಕೆ ಬರುತ್ತದೆ.

ಇರುವ ಒತ್ತಡವನ್ನು ತೋರಿಸದ ಗೇಜು ಇನ್ನೂ ಕೆಟ್ಟದ್ದು. ಮನೆಬಳಕೆಯ ತೊಟ್ಟಿಗಳ ಮೇಲೆ ಗರಿಷ್ಠ ಕೆಲಸದ ಒತ್ತಡ ಅಚ್ಚಾಗಿರುತ್ತದೆ. 50 ಪಿಎಸ್ಐ ಸಾಮಾನ್ಯವಾಗಿ ಕಾಣುವ ಅಂಕಿ, ಅದಕ್ಕಿಂತ ಕಡಿಮೆಯವೂ ಇವೆ. ನೀರು ಮಾತ್ರ ತುಂಬಿರುವ ತೊಟ್ಟಿ ಬಿರಿದರೆ ಸೋರಿ ನಿಲ್ಲುತ್ತದೆ, ಏಕೆಂದರೆ ನೀರು ಕುಗ್ಗುವುದಿಲ್ಲ. ಗಾಳಿ ಹಾಗಲ್ಲ. ತೊಟ್ಟಿಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗಾಳಿ ಅದುಮಿದ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡು, ಪಟ್ಟಿ ಸಡಿಲವಾಗಿದ್ದರೆ ಮುಚ್ಚಳವನ್ನು ಎಸೆದುಬಿಡುತ್ತದೆ. ತೊಟ್ಟಿ ಬಿಚ್ಚಿ ಜೋಡಿಸಿದ ಮೇಲೆ ಗಾಳಿಯ ತಿರುಪನ್ನು ತೆರೆದಿಟ್ಟುಕೊಂಡೇ ಪಂಪು ಹಾಕಿ, ತಾನು ದೂರ ನಿಂತು, ನೀರು ಸಮವಾಗಿ ಚಿಮ್ಮಿದ ಮೇಲೆಯೇ ಅದನ್ನು ಮುಚ್ಚಬೇಕೆಂದು ತಯಾರಕರು ಒತ್ತಿ ಹೇಳುವುದು ಇದಕ್ಕಾಗಿ. ಪಂಪು ಓಡುತ್ತಿರುವಾಗ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಕೆ ತಿರುಗಿಸಬಾರದೆಂಬ ನಿಯಮವೂ ಒತ್ತಡದ ಹೊಡೆತಕ್ಕೆ ಸಂಬಂಧಿಸಿದ್ದು. ಆ ಹೊಡೆತಕ್ಕೆ ವಾಲ್ವಿನೊಳಗಿನ ರಬ್ಬರೂ ಗೇಜಿನ ನಳಿಕೆಯೂ ಒಟ್ಟಿಗೇ ಹಾಳಾಗುತ್ತವೆ.

ಕ್ರೀಡಾಂಗಣ ಮತ್ತು ಕ್ಲಬ್ಬುಗಳ ದೊಡ್ಡ ಕೊಳಗಳಲ್ಲಿ ಮರಳಿನ ಮುಂಚೆ ಒಂದು, ಅನಂತರ ಒಂದು ಎಂದು ಎರಡು ಗೇಜುಗಳಿರುತ್ತವೆ. ಎರಡರ ವ್ಯತ್ಯಾಸ ಮರಳಿನ ತಡೆಯನ್ನು ಮಾತ್ರ ಹೇಳುತ್ತದೆ. ಮುಂದಿನ ವಾಲ್ವು ಎಷ್ಟು ತೆರೆದಿದೆ ಎಂಬ ಗೊಂದಲ ಸೇರುವುದಿಲ್ಲ. ಎರಡು ಬೇರೆ ಗೇಜುಗಳ ತಪ್ಪುಗಳು ಕೂಡಿಕೊಳ್ಳದಂತೆ ಒಂದೇ ಗೇಜಿಗೆ ಎರಡು ಕಡೆಯ ಕೊಳವೆ ಎಳೆದು ಸಣ್ಣ ವಾಲ್ವುಗಳಿಂದ ಸರದಿಯಲ್ಲಿ ಓದುವ ಜೋಡಣೆ ಇನ್ನೂ ಉತ್ತಮ. ಈಚೆಗೆ ವಿದ್ಯುನ್ಮಾನ ಸಂವೇದಕಗಳು ಈ ವ್ಯತ್ಯಾಸವನ್ನು ತಾವೇ ಅಳೆದು, ಗೊತ್ತುಮಾಡಿದ ಮಿತಿ ದಾಟಿದಾಗ ಬ್ಯಾಕ್‌ವಾಶನ್ನು ತಾವೇ ಆರಂಭಿಸುತ್ತವೆ. ಅವುಗಳ ಸೊನ್ನೆಯೂ ಕಾಲಕ್ರಮದಲ್ಲಿ ಸರಿಯುತ್ತದೆ, ಅವುಗಳ ರಂಧ್ರವೂ ಕಟ್ಟುತ್ತದೆ. ಹಾಗಾಗಿ ಸಂವೇದಕ ಅಳವಡಿಸಿದ ಕೊಳಗಳಲ್ಲೂ ಪಕ್ಕದಲ್ಲೊಂದು ಮುಳ್ಳಿನ ಗೇಜನ್ನು ಉಳಿಸಿಕೊಂಡು, ಪಂಪು ನಿಂತ ಹೊತ್ತಿನಲ್ಲಿ ಎರಡರ ಸೊನ್ನೆಯನ್ನೂ ತಾಳೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಆಪರೇಟರನ ಕೆಲಸವಾಗಿಯೇ ಉಳಿಯುತ್ತದೆ.